ಕೊಡಂಬಲದ ಶಾಲು, ಹೈದರಾಬಾದಿನ ಸೋಫಾ

ನಮ್ಮ ಬಸವಕಲ್ಯಾಣದಲ್ಲಿ ಮೈಕಿನ ಮುಂದೆ ಒಂದು ತಾಸು ಮಾತಾಡಿದವರಿಗೂ ಒಂದೇ ಶಾಲು, ಎರಡು ನಿಮಿಷ ಮಾತಾಡಿದವರಿಗೂ ಒಂದೇ ಶಾಲು. ಈ ಸತ್ಯವನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡವರು ದೇವಿಂದ್ರಪ್ಪನವರು. ಆದ್ದರಿಂದ ಅವರು ಉಪನ್ಯಾಸ, ಅಧ್ಯಕ್ಷ ಭಾಷಣ ಮುಂತಾದ ಬೆವರಿನ ಕೆಲಸಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟು ವಂದನಾರ್ಪಣೆಯನ್ನು ತಮ್ಮದಾಗಿಸಿಕೊಂಡರು. ಮೈಕಿನವರಿಗೆ, ಕುರ್ಚಿಯವರಿಗೆ, ಕರೆಂಟು ತೆಗೆಯದೆ ಉಪಕಾರ ಮಾಡಿದವರಿಗೆ ವಂದನೆ ಹೇಳುವುದು, ಕೊನೆಗೆ ತಟ್ಟೆಯಲ್ಲಿ ಉಳಿದ ಶಾಲನ್ನು ಹೊದ್ದು ಮನೆಗೆ ಬರುವುದು. ಹೀಗೆ ಏಳೆಂಟು ವರ್ಷಗಳಲ್ಲಿ ಅವರ ಟ್ರಂಕಿನೊಳಗೆ ಇಪ್ಪತ್ತೇಳು ಶಾಲುಗಳು ಸೇರಿದ್ದವು.

ಸನ್ಮಾನದ ಶಾಲು ಒಂದು ವಿಚಿತ್ರ ವಸ್ತು. ಹೊದ್ದು ತಿರುಗಾಡೋಣವೆಂದರೆ ನಮ್ಮ ಬಿಸಿಲು ಬಿಡದು. ಹೊದ್ದು ಮಲಗೋಣವೆಂದರೆ ಜರಿ ಚುಚ್ಚುತ್ತದೆ. ಒಗೆದರೆ ಬಣ್ಣ ಬಿಡುತ್ತದೆ. ಯಾರಿಗಾದರೂ ಕೊಟ್ಟುಬಿಡೋಣವೆಂದರೆ, ಹೊದಿಸಿದವರೇ ಸಂತೆಯಲ್ಲಿ ಎದುರಾಗಿ ಅದನ್ನು ಗುರುತು ಹಿಡಿಯುತ್ತಾರೆ. ಹೆಂಡತಿ ಕಾಂತಾಬಾಯಿ ಒಂದೊಂದನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ ಇಡುತ್ತಿದ್ದರು. "ನಿಮ್ಮ ಇಜ್ಜತ್ತಿಗೆ ನುಸಿ ಹತ್ತಬಾರದು ನೋಡ್ರಿ" ಎನ್ನುತ್ತಿದ್ದರು.

ದೇವಿಂದ್ರಪ್ಪನವರು ಮೂವತ್ತು ವರ್ಷ ಹುಮನಾಬಾದಿನ ಧಾನ್ಯದ ಮಾರುಕಟ್ಟೆಯಲ್ಲಿ ಅಡತಿ ಅಂಗಡಿಯೊಂದರ ಮುಕಾದಮರಾಗಿದ್ದವರು. ತೊಗರಿ, ಕಡಲೆಯ ಚೀಲಗಳನ್ನು ತುಂಬಿಸಿ, ತೂಗಿಸಿ, ಬಾಯಿ ಹೊಲಿಸಿ ಲಾರಿಗೆ ಏರಿಸುವುದು ಅವರ ಕೆಲಸ. ಅಲ್ಲಿ ಚೀಲದ ಮೇಲೆ ಕುಳಿತರೂ ನಡೆಯುತ್ತಿತ್ತು. ನಿವೃತ್ತರಾಗಿ ಕಲ್ಯಾಣದ ಮನೆಗೆ ಬಂದ ಮೇಲೆ, ಇಪ್ಪತ್ತೇಳು ಶಾಲಿನ ಮನುಷ್ಯನನ್ನು ನೋಡಲು ಬಂದವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡುವುದು ಸರಿಯಲ್ಲವೆಂದು ಅವರಿಗೆ ತೋರತೊಡಗಿತು.

ಕಾಂತಾಬಾಯಿ ತಂಗಿಯ ಮಗಳ ಬಾಣಂತನಕ್ಕೆಂದು ರಾಜೇಶ್ವರಕ್ಕೆ ಹೋದ ವಾರ ಅವರು ಹುಮನಾಬಾದಿಗೆ ಹೋಗಿ, ಟೆಂಟ್ ಹೌಸಿನ ಅಲ್ತಾಫನ ಗೋದಾಮಿನ ಮೂಲೆಯಲ್ಲಿ ಒಂದು ಸೋಫಾ ನೋಡಿದರು. ಬಂಗಾರದ ಬಣ್ಣ, ಬೆನ್ನಿನ ಮೇಲೆ ಎರಡು ನವಿಲು, ಸಿಂಹದ ಪಂಜದಂಥ ಕಾಲು, ಎಡಗಾಲಿಗೆ ಒಂದು ಬೆರಳಿಲ್ಲ. ಮೇಲಿನ ಕೆಂಪು ಮಖಮಲ್ಲು ಹರಿದು ಚಿಂದಿಯಾಗಿತ್ತು.

"ಕಾಕಾ, ಇದು ಸಾದಾ ಸೋಫಾ ಅಲ್ರಿ" ಎಂದ ಅಲ್ತಾಫ. "ಇದರ ಮ್ಯಾಲ ನಾನೂರು ಲಗ್ನ ಆಗ್ಯಾವ. ಒಂದೂ ಮುರದಿಲ್ಲ."

"ಲಗ್ನ ಮುರದಿಲ್ಲೋ, ಸೋಫಾ ಮುರದಿಲ್ಲೋ?"

"ಸೋಫಾದ ಗ್ಯಾರಂಟಿ ನಾ ಕೊಡ್ತೀನಿ. ಲಗ್ನದ್ದು ಅವರವರ ನಸೀಬು."

ಸೋಫಾ ಟೆಂಪೋದಲ್ಲಿ ಕಲ್ಯಾಣಕ್ಕೆ ಬಂತು. ದೇವಿಂದ್ರಪ್ಪನವರು ಮೊದಲು ಎರಡೂ ನವಿಲುಗಳನ್ನು ಗರಗಸದಿಂದ ಇಳಿಸಿದರು. ಕಾಲಿಗೆ ಕಂದು ಬಣ್ಣ ಹಚ್ಚಿದರು. ಮಖಮಲ್ಲು ಕಿತ್ತರೆ ಕೆಳಗೆ ರೆಕ್ಸಿನ್ ಇತ್ತು, ಅದರ ಮೇಲೆ ಗೇಣುದ್ದದ ಹಳದಿ ಅಕ್ಷರಗಳು: ಅಲ್ತಾಫ್ ಟೆಂಟ್ ಹೌಸ್, ಹುಮನಾಬಾದ್. ಟೆಂಟ್ ಹೌಸಿನವರು ಸೌಟಿಗೂ ಹೆಸರು ಬರೆಯುವ ಜನ. ಸೀಮೆಎಣ್ಣೆ ಹಚ್ಚಿ ತಿಕ್ಕಿದರು. ರೆಕ್ಸಿನ್ನು ತೆಳ್ಳಗಾಯಿತೇ ಹೊರತು ಅಲ್ತಾಫನ ಹೆಸರು ಅಳಿಯಲಿಲ್ಲ.

ಮೊಬೈಲಿನಲ್ಲಿ ಒಬ್ಬ ತಾಯಿ ಹಳೆಯ ಸೋಫಾಕ್ಕೆ ಹೊಸ ಬಟ್ಟೆ ಹೊದಿಸುವುದನ್ನು ಹಿಂದಿಯಲ್ಲಿ ಹೇಳಿಕೊಡುತ್ತಿದ್ದಳು. ಹದಿನೈದು ನಿಮಿಷ ಸಾಕು, ಮನೆಯಲ್ಲಿರುವ ಬಟ್ಟೆಯೇ ಸಾಕು ಎಂದಳು. ಕೆಲಸ ಮುಗಿದಾಗ ಆಕೆಯ ಉಗುರಿನ ಬಣ್ಣವೂ ಕೆಟ್ಟಿರಲಿಲ್ಲ. ದೇವಿಂದ್ರಪ್ಪನವರಿಗೆ ಎರಡು ದಿನ ಬೇಕಾದವು, ಒಂದು ಹೆಬ್ಬೆರಳು ಕಪ್ಪಾಯಿತು. ಮನೆಯಲ್ಲಿರುವ ಬಟ್ಟೆ ಎಂದ ಕೂಡಲೇ ಅವರಿಗೆ ಟ್ರಂಕು ನೆನಪಾಗಿತ್ತು.

ಎಲ್ಲಕ್ಕಿಂತ ಮೇಲಿದ್ದ ಪೊಟ್ಟಣದಲ್ಲಿ ಒಂದು ಕಡುಗೆಂಪು ಶಾಲು ಇತ್ತು. ಮೆತ್ತಗಿತ್ತು, ಜರಿ ಚುಚ್ಚುತ್ತಿರಲಿಲ್ಲ. ಇಷ್ಟು ಒಳ್ಳೆಯದನ್ನು ತನಗೆ ಹೊದಿಸಿದವರು ಯಾರೆಂದು ಯೋಚಿಸಿ, ಹೋದ ವರ್ಷದ ಪಶುವೈದ್ಯರ ಸಂಘದವರೇ ಇರಬೇಕೆಂದು ತೀರ್ಮಾನಿಸಿದರು. ಒಳ್ಳೆಯ ಬಟ್ಟೆ ಕೂಡುವ ಜಾಗಕ್ಕೆ ಎಂದು ಆ ತಾಯಿ ಹೇಳಿದ್ದಳು. ಅಂಚಿನಲ್ಲಿ ಬಣ್ಣಬಣ್ಣದ ದಾರದ ಸಣ್ಣ ಕೈಹೊಲಿಗೆಯ ಟಾಕಿಗಳಿದ್ದವು. ಅಂಚನ್ನು ಒಳಗೆ ಮಡಚಿರಿ ಎಂದೂ ಆಕೆ ಹೇಳಿದ್ದಳು. ಮಡಚಿದರು.

ಇಲ್ಲಿ ಒಂದು ಮಾತನ್ನು ಹೇಳಿಬಿಡಬೇಕು. ಆ ಶಾಲು ಅವರದಲ್ಲ.

ಕೊಡಂಬಲದ ಗಯಾಬಾಯಿ ಕಾಂತಾಬಾಯಿಯ ತಾಯಿಯ ತಂಗಿ. ಎಪ್ಪತ್ತೆಂಟರ ವಯಸ್ಸು, ಊರಿಗೆಲ್ಲ ಆಯಿ. ಓದು ಬರದು. ಆದರೆ ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತ, ರಾಶಿ ಮಾಡುತ್ತ, ಮುಂದಿನ ಸಾಲಿನವಳ ಬಾಯಿಂದ ಕೇಳಿ ಕೇಳಿ ಕಲಿತ ನೂರಾರು ವಚನಗಳು ಆಕೆಯ ನಾಲಗೆಯ ಮೇಲಿವೆ. ಸೋಮವಾರ ಸಂಜೆ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತ ಆಕೆ ಹೇಳುತ್ತಾಳೆ, ಕೇಳುವವರು ಕೇಳುತ್ತೇವೆ. ಅಂಥವರನ್ನು ಸನ್ಮಾನಿಸಬೇಕೆಂದು ನಮ್ಮ ಬಳಗ ಮೂರು ವರ್ಷದಿಂದ ಬೇಡಿಕೊಂಡಿತ್ತು. ಈ ವರ್ಷ ಒಪ್ಪಿದ್ದರು. ಕಾರ್ಯಕ್ರಮ ಬರುವ ಭಾನುವಾರ, ಹುಮನಾಬಾದಿನಲ್ಲಿ. ಆಕೆಯ ಕೈಯಲ್ಲಿ ಕೌದಿ ಕಲಿತ ನಲವತ್ತೊಂದು ಹೆಂಗಸರು, ಆಕೆಗೆ ಗೊತ್ತಾಗದಂತೆ, ಒಂದು ಶಾಲಿನ ಅಂಚಿಗೆ ತಲಾ ನಾಲ್ಕು ಬೆರಳಷ್ಟು ಹೊಲಿಗೆಯನ್ನು ತಮ್ಮ ತಮ್ಮ ದಾರದಲ್ಲಿ ಹಾಕಿ, ಭಾನುವಾರದ ತನಕ ಜೋಪಾನವಾಗಿಡಲು ಕಾಂತಾಬಾಯಿಯ ಕೈಗೆ ಕೊಟ್ಟಿದ್ದರು. ಕಾಂತಾಬಾಯಿ ಅದನ್ನು ಗಂಡನಿಗೆ ಹೇಳಿಯೂ ಇದ್ದರು. ದೇವಿಂದ್ರಪ್ಪನವರು ಪತ್ರಿಕೆ ಓದುತ್ತ "ಹೂಂ" ಎಂದಿದ್ದರು.

ಸನ್ಮಾನದ ಬಟ್ಟೆಗೆ ಕತ್ತರಿ ಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಅದೊಂದೇ ಪುಣ್ಯ. ಶಾಲುಗಳನ್ನು ಇಡಿಯಾಗಿಯೇ ಮಡಚಿ ಒಂದಕ್ಕೊಂದು ಹೊಲಿದರು. ಹೊಲಿಯಲು ಹಳೆಯ ಅಂಗಡಿಯಿಂದ ಚೀಲದ ಬಾಯಿ ಹೊಲಿಯುವ ಕೈಮಷಿನ್ನನ್ನು ಕೇಳಿ ತಂದಿದ್ದರು. ಮೂವತ್ತು ವರ್ಷ ನೋಡಿದ ಹೊಲಿಗೆ ಅದೊಂದೇ. ಅದರ ಗುಣ ಮಾರುಕಟ್ಟೆಯವರಿಗೆಲ್ಲ ಗೊತ್ತು. ನೂರು ಕಿಲೋ ತೊಗರಿ ತುಂಬಿ ಎಸೆದರೂ ಬಿಡುವುದಿಲ್ಲ, ಆದರೆ ಸರಿಯಾದ ತುದಿ ಹಿಡಿದು ಒಮ್ಮೆ ಜಗ್ಗಿದರೆ ಈ ಕಡೆಯಿಂದ ಆ ಕಡೆಗೆ ಒಂದೇ ಉಸಿರಿಗೆ ಬಿಚ್ಚಿಕೊಳ್ಳುತ್ತದೆ. ಬಿಚ್ಚುವ ಆ ತುದಿಯನ್ನು ಅವರು ಬಲಗಡೆ, ಕೈ ಇಡುವ ಕಟ್ಟಿಗೆಯ ಬುಡದಲ್ಲಿ ತೂರಿಸಿ ಮುಚ್ಚಿದರು.

ಬಾಜೂ ಮನೆಯ ಶಕುಂತಲಾಬಾಯಿ ಸಕ್ಕರೆ ಕೇಳಲು ಬಂದವರು ಬಾಗಿಲಲ್ಲೇ ನಿಂತರು.

"ಅಣ್ಣಾರ, ಹೊಸಾದೇನ್ರಿ?"

"ಹೌದ್ರಿ."

"ಎಲ್ಲಿಂದ ತಂದ್ರಿ?"

ಹುಮನಾಬಾದ್ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರ ಹೆಬ್ಬೆರಳು ನೋಯುತ್ತಿತ್ತು, ಆ ನೋವಿಗೆ ಹುಮನಾಬಾದ್ ಸಣ್ಣದೆನಿಸಿತು.

"ಹೈದರಾಬಾದ್."

ಶಕುಂತಲಾಬಾಯಿ ಕುಳಿತು, ಬಟ್ಟೆಯನ್ನು ಸವರಿ ನೋಡಿದರು. "ಶಾಲ್ ಇದ್ದಂಗ ಅದಲ್ರಿ."

"ಈಗ ಅದೇ ಫ್ಯಾಶನ್ ರಿ. ಅಲ್ಲಿ ಸೋಫಾಕ್ಕೂ ಸನ್ಮಾನ ಮಾಡ್ತಾರ."

ಸಂಜೆಯೊಳಗೆ ಓಣಿಯ ಏಳು ಮನೆಯವರು ಬಂದು ಕುಳಿತು ಎದ್ದು ಹೋದರು. ಮರುದಿನ ಶುಕ್ರವಾರ, ಬಳಗದ ಕಾರ್ಯದರ್ಶಿ ಅಶೋಕಕುಮಾರ ಬಂದರು. ಅವರು ಕೂಡಲಿಲ್ಲ. ಸೋಫಾದ ಸುತ್ತ ಎರಡು ಸುತ್ತು ಹಾಕಿದರು.

"ದೇವಿಂದ್ರಪ್ಪನೋರ, ನೀವೇ ಉಳಸಬೇಕು. ಆಯಿ ಒಂದ್ ಶರತ್ತು ಹಾಕ್ಯಾರ. ಸ್ಟೇಜಿನ ಮ್ಯಾಲ ಟೆಂಟ್ ಹೌಸಿನ ಲಗ್ನದ ಖುರ್ಚಿ ಇಟ್ರ ನಾ ಹತ್ತಂಗಿಲ್ಲ, ಮುದುಕಿ ಒಬ್ಬಾಕೇ ಕುಂತ್ರ ಮಂದಿ ಮದಿಮಗ ಎಲ್ಲಿ ಅಂತ ಕೇಳ್ತಾರ ಅಂದಾರ. ಹುಮನಾಬಾದಿನಾಗ ಎಲ್ಲಿ ಕೇಳಿದ್ರೂ ಲಗ್ನದ್ದೇ ಅದ. ನಿಮ್ಮದು ಮನಿ ಸೋಫಾ."

ದೇವಿಂದ್ರಪ್ಪನವರ ಬಾಯಿ ಒಣಗಿತು. "ಅದು ಇನ್ನಾ ಒಣಗಿಲ್ರಿ."

"ಸೋಫಾ ಒಣಗೋದಂದ್ರ?"

"ಕಾಲಿನ ಬಣ್ಣ."

"ಹೈದರಾಬಾದಿನಾಗ ಹಸೀದೇ ಕೊಟ್ರೇನು?"

"ಅರ್ಜೆಂಟ್ ಇತ್ತರಿ ನನಗ."

"ಎರಡ್ ದಿನದಾಗ ಒಣಗ್ತದ ಬಿಡ್ರಿ. ಐತವಾರ ಮುಂಜಾನಿ ಟೆಂಪೋ ಕಳಸ್ತೀನಿ. ನಿಮ್ಮದು ವಂದನಾರ್ಪಣಿ ಇದ್ದೇ ಅದ. ಶಾಲಿನ ತಟ್ಟಿ ಹಿಡಿಯೋದೂ ನೀವೇ. ಶಾಲು ಕಾಂತಾಬಾಯಿಯೋರ ಕಡೆ ಅದ ಅಂತಲ್ರಿ?"

"ಹೂಂ" ಎಂದರು ದೇವಿಂದ್ರಪ್ಪನವರು. ಆಗಲೂ ಅವರಿಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಟೆಂಪೋ ಬಂದು ಸೋಫಾವನ್ನು ಒಯ್ದಿತು. ಎಂಟೂವರೆಗೆ ಕಾಂತಾಬಾಯಿ ರಾಜೇಶ್ವರದಿಂದ ಬಂದಿಳಿದರು. ಶಾಲಿನಂಥ ಬಟ್ಟೆಯ ಸೋಫಾ ವೇದಿಕೆಗೆ ಹೋಗುವ ಸುದ್ದಿ ಫೋನಿನಲ್ಲಿ ಅವರಿಗೆ ಆಗಲೇ ಮುಟ್ಟಿತ್ತು, ಅದರ ಬಗ್ಗೆ ಏನೂ ಕೇಳಲಿಲ್ಲ. ಕೈಕಾಲು ತೊಳೆದು, ಶಾಲು ತೆಗೆಯಲೆಂದು ನೇರವಾಗಿ ಟ್ರಂಕಿನ ಹತ್ತಿರ ಹೋದರು.

ಮುಚ್ಚಳ ತೆರೆದ ಸದ್ದಾಯಿತು.

ದೇವಿಂದ್ರಪ್ಪನವರು ಒಳಗೆ ಇಣುಕಿದರು. ಕಾಂತಾಬಾಯಿ ಖಾಲಿ ಪತ್ರಿಕೆಯ ಹಾಳೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ಮ್ಯಾಲಿಂದು ಎಲ್ಲದ?"

"ಯಾವ ಮ್ಯಾಲಿಂದು?"

"ಕೆಂಪಂದು. ಮೆತ್ತಂದು."

"ಅದು ಪಶುವೈದ್ಯರು ಕೊಟ್ಟಿದ್ದಲ್ಲೇನು?"

ಕಾಂತಾಬಾಯಿ ನಿಧಾನವಾಗಿ ಮುಚ್ಚಳ ಮುಚ್ಚಿ ಟ್ರಂಕಿನ ಮೇಲೆ ಕುಳಿತರು. "ಎಲ್ಲಿ ಹಚ್ಚೀರಿ?"

"ಕೂಡೋ ಜಾಗಾಕ್ಕ."

"ಆಯಿ ಶಾಲು ಆಯಿ ಕುಂಡಿ ಕೆಳಗ ಹಾಕೀರಿ" ಎಂದರು ಕಾಂತಾಬಾಯಿ. ದನಿ ಏರಲಿಲ್ಲ. ಅದೇ ಹೆಚ್ಚು ಭಯಂಕರವಾಗಿತ್ತು.

"ಇನ್ನೊಂದು ಕೊಂಡರಾಯ್ತು. ಬಜಾರಿನಾಗ..."

"ನಲವತ್ತೊಂದು ಮಂದಿ ಮುಂದಿನ ಜಮಖಾನಿ ಮ್ಯಾಲ ಕುಂದರ್ತಾರ. ಒಬ್ಬೊಬ್ಬಾಕಿ ತನ್ನ ಹೊಲಿಗಿ ಹುಡುಕ್ತಾಳ. ನಿಮ್ಮ ಪಶುವೈದ್ಯರು ಬಂದು ತೋರಸ್ತಾರೇನು? ಮೂರು ವರ್ಷ ಬ್ಯಾಡ ಬ್ಯಾಡ ಅಂದಾಕಿ ಈಗ ಹೂಂ ಅಂದಾಳ. ಇವತ್ತು ತಪ್ಪಿದ್ರ ಆಕಿ ಮತ್ತ ಯಾರ ಕೈಲಿಂದನೂ ಏನೂ ತಗೊಳ್ಳಂಗಿಲ್ಲ. ನನ್ನ ಕೈಯಾಗ ಕೊಟ್ಟಿದ್ರು ಅವರು. ನನ್ನ ಕೈಯಾಗ."

ಕಾರ್ಯಕ್ರಮ ಹನ್ನೊಂದಕ್ಕೆ. ಒಂಬತ್ತಕ್ಕೆ ಅವರು ಬಸ್ಸಿನಲ್ಲಿದ್ದರು. ಕೂಡಲು ಜಾಗವಿರಲಿಲ್ಲ. ರಾಜೇಶ್ವರದಲ್ಲಿ ಬಸ್ಸು ನಿಂತಿತು. ಡ್ರೈವರ್ ಚಹಾ ಕುಡಿಯಲು ಇಳಿದರು, ಕಂಡಕ್ಟರ್ ಅವರನ್ನು ಕರೆತರಲು ಇಳಿದು ತಾವೂ ಕುಡಿದರು. ದೇವಿಂದ್ರಪ್ಪನವರು ಕಿಟಕಿಯಿಂದ ಆ ಎರಡು ಲೋಟಗಳನ್ನು ನೋಡುತ್ತ ನಿಂತರು. ಅಷ್ಟು ಬಿಸಿಯಾದ ಚಹಾವನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ.

"ಬಿಚ್ಚೋ ತುದಿ ಎಲ್ಲದ?" ಕಾಂತಾಬಾಯಿ ಪಿಸುದನಿಯಲ್ಲಿ ಕೇಳಿದರು.

"ಬಲಗಡಿ. ಕೈ ಇಡೋ ಕಟ್ಟಿಗಿ ಬುಡಕ."

"ಸೋಫಾ ಖಾಲಿ ಸಿಕ್ರ?"

"ಒಂದೇ ಜಗ್ಗು."

"ಆಯಿ ಕುಂತಿದ್ರ?"

ದೇವಿಂದ್ರಪ್ಪನವರು ಹೊರಗಿನ ತೊಗರಿಯ ಹೊಲವನ್ನು ನೋಡತೊಡಗಿದರು.

ಹುಮನಾಬಾದಿನಲ್ಲಿ ಇಳಿದು ಓಡುತ್ತ ಸಭಾಭವನ ಮುಟ್ಟಿದಾಗ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಹಿಂದಿನ ಸಾಲುಗಳಲ್ಲಿ ಕುರ್ಚಿಗಳು ತುಂಬಿದ್ದವು. ಮುಂದೆ ಜಮಖಾನೆಯ ಮೇಲೆ ಕೊಡಂಬಲದ ಹೆಂಗಸರು ಒತ್ತೊತ್ತಾಗಿ ಕುಳಿತಿದ್ದರು. ವೇದಿಕೆಯ ನಡುವೆ ಸೋಫಾ. ಸೋಫಾದ ಬಲಗಡೆಯ ಮೂಲೆಯಲ್ಲಿ, ಕೈ ಇಡುವ ಕಟ್ಟಿಗೆಗೆ ಆತುಕೊಂಡು, ಇಳಕಲ್ ಸೀರೆಯ ಸೆರಗು ಹೊದ್ದು, ಗಯಾಬಾಯಿ. ಅಷ್ಟಗಲ ಸೋಫಾದಲ್ಲಿ ಆಕೆಗೆ ಬೇರೆ ಜಾಗ ಸಿಕ್ಕಿರಲಿಲ್ಲ.

"ಆಯಿ ಒಂಬತ್ತೂವರಿಗೇ ಬಂದಾರ" ಎಂದರು ಅಶೋಕಕುಮಾರ ಸಂತೋಷದಿಂದ. "ಖುರ್ಚಿ ನೋಡಿ, ಇದು ಚೊಲೊ ಅದ, ಲಗ್ನದ್ದಲ್ಲ ಅಂದ್ರು. ಶಾಲು ತಂದೀರಲ?"

"ಇಲ್ಲೇ ಅದ" ಎಂದರು ದೇವಿಂದ್ರಪ್ಪನವರು. ಸೋಫಾದ ವಿಷಯದಲ್ಲಿ ಹೊರಗಿನವರಿಗೆ ಅವರು ಹೇಳಿದ ಮೊದಲ ಸತ್ಯ ಅದು.

ಹಿಂದಿನಿಂದ ಅವರ ಹೆಗಲ ಮೇಲೆ ಒಂದು ಕೈ ಬಿತ್ತು. ಅಲ್ತಾಫ. ಅಂದಿನ ಕುರ್ಚಿ, ಜಮಖಾನೆ ಎಲ್ಲ ಅವನ ಟೆಂಟ್ ಹೌಸಿನವೇ.

"ಕಾಕಾ, ಸ್ಟೇಜಿನ ಮ್ಯಾಲಿಂದು ಹೈದರಾಬಾದಿಂದಂತ?"

"ಅಲ್ತಾಫ, ಮೆಲ್ಲಗ."

"ಆ ಕಾಲಿನ ಬೆರಳು ಹೋಗಿದ್ದು ಚಿಟಗುಪ್ಪಿ ಲಗ್ನದಾಗ. ಮದಿಮಗನ ಮಾವ ಎಡವಿದ್ದ. ಕಾಕಾ, ಲಗ್ನದ ಸೋಫಾ ಬ್ಯಾಡ ಅಂತ ನನಗ ವಾಪಸ್ ಕಳಿಸಿ, ನನ್ನ ಲಗ್ನದ ಸೋಫಾನೇ ತಂದು ಇಟ್ಟಾರ. ನನಗ ನಗು ಬರಾಕತ್ತದ. ಭಾಳ ಜೋರ ಬರಾಕತ್ತದ."

ದೇವಿಂದ್ರಪ್ಪನವರು ಅವನ ಕೈ ಹಿಡಿದುಕೊಂಡರು. "ಶಾಲು ಹೊದಿಸೋ ತನಕ ತಡಿ. ನಿನಗ ಕೈ ಮುಗೀತೀನಿ."

ಅಲ್ತಾಫ ಅವರ ಮುಖ ನೋಡಿದ. ಅಲ್ಲಿ ಕಂಡದ್ದೇನೋ, ಅವನ ನಗು ಇಳಿಯಿತು. "ಆಯ್ತು. ಮುಗದ ಮ್ಯಾಲ ನಗ್ತೀನಿ. ಉಧಾರಿ ಇರಲಿ."

ಪ್ರಾರ್ಥನೆ ಮುಗಿಯಿತು. ಸ್ವಾಗತ ನಡೆಯುವಾಗ ದೇವಿಂದ್ರಪ್ಪನವರು ನೀರಿನ ಲೋಟ ಹಿಡಿದು ವೇದಿಕೆ ಹತ್ತಿದರು. ಗಯಾಬಾಯಿಗೆ ಎಡಗೈಯಿಂದ ಲೋಟ ಕೊಡುತ್ತ, ಬಲಗೈಯನ್ನು ಕಟ್ಟಿಗೆಯ ಬುಡಕ್ಕೆ ಇಳಿಸಿದರು. ಸಿಕ್ಕಿದ್ದು ಗಯಾಬಾಯಿಯ ಎಲೆ-ಅಡಕೆಯ ಸಂಚಿ.

"ಅಳ್ಯಾರ, ಎಲಿ ಬೇಕೇನು?"

"ಬ್ಯಾಡ್ರಿ ಆಯಿ."

"ಮತ್ಯಾಕ ನನ್ನ ಸಂಚಿಗೆ ಕೈ ಹಾಕೀರಿ?"

ಎರಡನೆಯ ಸಲ ಅವರು ಮೈಕಿನ ವೈರು ಸರಿಮಾಡುವವರಂತೆ ಸೋಫಾದ ಹಿಂದೆ ಕುಳಿತು, ಅಡಿಯಿಂದ ತೋಳು ತೂರಿಸಿದರು. ಕೈ ಭುಜದ ತನಕ ಹೋಯಿತು, ತುದಿಗೆ ನಾಲ್ಕು ಬೆರಳು ಕಡಿಮೆ ಬಿತ್ತು. ಅಷ್ಟರಲ್ಲಿ ಅಶೋಕಕುಮಾರ ಆಯಿಯನ್ನು ಒಂದು ವಚನ ಹೇಳಬೇಕೆಂದು ಬೇಡಿಕೊಂಡರು. ಭವನ ಒಮ್ಮೆಲೇ ಸ್ತಬ್ಧವಾಯಿತು. ಈಗ ಅಲುಗಾಡಿದರೆ ಎಲ್ಲರಿಗೂ ಕಾಣುತ್ತದೆ. ಹೀಗಾಗಿ ದೇವಿಂದ್ರಪ್ಪನವರು ತೋಳನ್ನು ಸೋಫಾದೊಳಗೆ ಬಿಟ್ಟು, ಕೆನ್ನೆಯನ್ನು 'ನಿವೃತ್ತ ನೌಕರರ ಸಂಘ'ದ ಶಾಲಿಗೆ ಒತ್ತಿ ಕುಳಿತರು. ಮೇಲೆ ಗಯಾಬಾಯಿಯ ದನಿ ಏಳುತ್ತಿತ್ತು. ಹೊರಗೆ ಹೊಳಪು, ಒಳಗೆ ಹುಸಿ ಇಟ್ಟುಕೊಂಡವರ ಕುರಿತದ್ದು ಆ ವಚನ. ಬೇಕೆಂದೇ ಆರಿಸಿದ್ದೇನಲ್ಲ, ನಾಲಗೆಗೆ ಬಂದದ್ದು. ಆದರೆ ವಚನವನ್ನು ಅಷ್ಟು ಹತ್ತಿರದಿಂದ, ಅಷ್ಟು ಅನಾನುಕೂಲವಾಗಿ ಕೇಳಿದವರು ಇನ್ನೊಬ್ಬರಿಲ್ಲ.

ಮೂರನೆಯ ಸಲ ಕಾಂತಾಬಾಯಿಯೇ ಹೋದರು. "ಸಣ್ಣವ್ವ, ಒಮ್ಮೆ ಎದ್ದು ಸೆರಗು ಸರಿ ಮಾಡ್ಕೊ."

"ಸರಿ ಅದ."

"ಕಾಲು ಜೋಮು ಹಿಡದಿರ್ತಾವ. ಒಂದ್ ಸ್ವಲ್ಪ ಎದ್ದು ನಿಲ್ಲು."

"ಮೂರ್ ವರ್ಷ ಕೂಡು ಕೂಡು ಅಂದ್ರಿ. ಈಗ ಕುಂತೀನಿ, ಏಳು ಅಂತೀರಿ" ಎಂದರು ಗಯಾಬಾಯಿ. ಮುಂದಿನ ಸಾಲಿನವರು ನಕ್ಕರು. ಕಾಂತಾಬಾಯಿ ಇಳಿದು ಬಂದರು.

ನಾಲ್ಕು ಜನ ಅತಿಥಿಗಳು ಎರಡೆರಡು ಮಾತಾಡುತ್ತೇವೆಂದು ಒಂದು ತಾಸು ಮಾತಾಡಿದರು. ಭಾಷಣ ಬೇಗ ಮುಗಿಯದಿರಲಿ ಎಂದು ಮನಸಾರೆ ಬೇಡಿಕೊಂಡ ಶ್ರೋತೃ ಆ ಜಿಲ್ಲೆಯಲ್ಲಿ ಅಂದು ದೇವಿಂದ್ರಪ್ಪನವರೊಬ್ಬರೇ. ಅವರ ಬೇಡಿಕೆ ಫಲಿಸಲಿಲ್ಲ. ಕೊನೆಯ ಅತಿಥಿ ಕುಳಿತರು. ಅಶೋಕಕುಮಾರ ಮೈಕು ಹಿಡಿದರು.

"ಈಗ ನಾವೆಲ್ಲರೂ ಕಾಯುತ್ತಿರುವ ಕ್ಷಣ. ಕೊಡಂಬಲದ ತಾಯಂದಿರು ತಮ್ಮ ಕೈಯಾರೆ ಹೊಲಿದ ಶಾಲನ್ನು ನಮ್ಮ ಆಯಿಯವರಿಗೆ ಹೊದಿಸಲಾಗುವುದು. ದೇವಿಂದ್ರಪ್ಪನವರು ತಟ್ಟೆಯೊಂದಿಗೆ ಬರಬೇಕು."

ಜಮಖಾನೆಯ ಮೇಲಿನ ನಲವತ್ತೊಂದು ಕೊರಳುಗಳು ಒಟ್ಟಿಗೆ ಮೇಲೆದ್ದವು.

ದೇವಿಂದ್ರಪ್ಪನವರು ತಟ್ಟೆ ಹಿಡಿದು ಬಂದರು. ತಟ್ಟೆಯಲ್ಲಿ ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು ಇದ್ದವು. ಶಾಲು ಇರಬೇಕಾದ ಜಾಗದಲ್ಲಿ ಬರೀ ತಟ್ಟೆ ಇತ್ತು.

"ಶಾಲು?" ಅಶೋಕಕುಮಾರ ತುಟಿಯಲ್ಲೇ ಕೇಳಿದರು.

ದೇವಿಂದ್ರಪ್ಪನವರು ತಟ್ಟೆಯನ್ನು ಅವರ ಕೈಗೆ ಕೊಟ್ಟು ಮೈಕಿನ ಮುಂದೆ ನಿಂತರು. ಅವರ ಬಾಯಿ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿಯಿತು.

"ಈ ಸಮಾರಂಭಕ್ಕೆ ಆಗಮಿಸಿದ ಸಮಸ್ತರಿಗೂ ವಂದನೆಗಳು. ಧ್ವನಿವರ್ಧಕದವರಿಗೆ ವಂದನೆಗಳು. ವಿದ್ಯುತ್ ಕಡಿತ ಮಾಡದವರಿಗೆ ವಂದನೆಗಳು. ಕುರ್ಚಿ ಕೊಟ್ಟ ಅಲ್ತಾಫರಿಗೆ... ವಂದನೆಗಳು. ನಮ್ಮನ್ನು ಕರೆತಂದ ಬಸ್ಸಿನವರಿಗೆ, ರಾಜೇಶ್ವರದ ಚಹಾದವರಿಗೆ..."

"ಏನ್ ಮಾಡಾಕತ್ತೀರಿ?" ಅಶೋಕಕುಮಾರ ಹಿಂದಿನಿಂದ ಅಂಗಿ ಜಗ್ಗಿದರು.

ವಂದನೆಗೆ ಯೋಗ್ಯರಾದವರೆಲ್ಲ ಮುಗಿದುಹೋದರು. ದೇವಿಂದ್ರಪ್ಪನವರು ಜಮಖಾನೆಯ ಕಡೆ ನೋಡಿದರು. ಅಂಚಿನಲ್ಲಿ ಕಾಂತಾಬಾಯಿ ತಲೆ ತಗ್ಗಿಸಿ, ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ ನಿಂತಿದ್ದರು. ಮೈಕಿನ ಭಾಷೆ ದೇವಿಂದ್ರಪ್ಪನವರ ಬಾಯಿಂದ ಬಿದ್ದುಹೋಯಿತು.

"ಶಾಲು ಕಳದಿಲ್ರವ್ವ. ಇಲ್ಲೇ ಅದ. ಕಾಂತಾಂದು ತಪ್ಪಿಲ್ಲ, ತಪ್ಪು ನಂದು. ಆಯಿ ಎದುರಿಗೆ ಹ್ಯಾಂಗ ಹೇಳ್ಲಿ..."

"ಅಳ್ಯಾರ" ಎಂದರು ಗಯಾಬಾಯಿ.

ಅವರು ತಿರುಗಿದರು. ಗಯಾಬಾಯಿಯ ಬಲಗೈ ಕಟ್ಟಿಗೆಯ ಬುಡದಲ್ಲಿತ್ತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಬಿಳಿಯ ದಾರ.

"ಈ ಚೀಲ ಹೊಲದಾವರು ನೀವೇ ಏನು?"

"ಹೌದ್ರಿ."

"ಒಂದು ತಾಸಿನಿಂದ ಕೈಗೆ ಹತ್ತಾಕತ್ತದ. ನಲವತ್ತು ವರ್ಷ ರಾಶಿ ಮಾಡಿದಾಕಿ ನಾ. ಎಷ್ಟು ಚೀಲ ಬಿಚ್ಚೀನೋ ಪತಾ ಇಲ್ಲ. ಸೋಫಾಕ್ಕ ಚೀಲದ ಹೊಲಿಗಿ ಇವತ್ತೇ ನೋಡಿದ್ದು. ಈ ದಾರ ನನಗ ಸುಮ್ಮ ಕೂಡಗೊಡವಲ್ದು. ಜಗ್ಗಲೇನು?"

"ಜಗ್ಗ್ರಿ ಆಯಿ" ಎಂದರು ದೇವಿಂದ್ರಪ್ಪನವರು. ಮೈಕು ಇನ್ನೂ ಬಾಯಿಯ ಹತ್ತಿರವೇ ಇದ್ದುದರಿಂದ ಇಡೀ ಹುಮನಾಬಾದಿಗೆ ಅದು ಕೇಳಿಸಿತು.

ಗಯಾಬಾಯಿ ಜಗ್ಗಿದರು. ಸರ್ರೆಂದು ದಾರ ಬಲದಿಂದ ಎಡಕ್ಕೆ, ಎಡದಿಂದ ಹಿಂದಕ್ಕೆ, ಸೋಫಾದ ಸುತ್ತ ಓಡಿತು. ಅವರು ಎದ್ದು ನಿಂತರು. ಕೂಡುವ ಜಾಗದ ಕೆಂಪು ಬಟ್ಟೆ ತಾನಾಗಿಯೇ ಮೇಲೆದ್ದು ಅವರ ಕೈಗೆ ಬಂತು. ಮಡಿಕೆ ಬಿಚ್ಚಿತು. ಅಂಚಿನ ತುಂಬ ಹಸಿರು, ಹಳದಿ, ನೀಲಿ, ಬಿಳಿ ಟಾಕಿಗಳು.

"ನನ್ನ ಹಸರು ದಾರ" ಎಂದಿತು ಜಮಖಾನೆಯಿಂದ ಒಂದು ದನಿ.

ಗಯಾಬಾಯಿ ಅಂಚನ್ನು ಬೆರಳಿನಿಂದ ಸವರುತ್ತ ಹೋದರು. "ಇದು ಸರುಬಾಯಿದು. ಹೇಳಿ ಹೇಳಿ ಸಾಕಾಯ್ತು, ಇವತ್ತಿಗೂ ಟಾಕಿ ವಾರೀನೇ ಬೀಳ್ತಾವ." ಸರುಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಇದು ಉಜ್ವಲಾಂದು. ಕಣ್ಣು ಕಾಣಲ್ದಾಗಿ ದಾರ ಜೋಡು ಮಾಡ್ಯಾಳ. ಇದು ರತ್ನಮಾಲಾಂದು..." ಹೀಗೆ ಒಬ್ಬೊಬ್ಬರ ಹೆಸರು ಹಿಡಿದು, ಇಡೀ ಅಂಚು ಸುತ್ತಿ ಮತ್ತೆ ಸರುಬಾಯಿಯ ಟಾಕಿಗೆ ಬಂದರು.

ಆಗ ಮೂರನೆಯ ಸಾಲಿನಿಂದ, ಕಲ್ಯಾಣದಿಂದಲೇ ಬಂದಿದ್ದ ಶಕುಂತಲಾಬಾಯಿ, ಬರಿದಾದ ಆಸನವನ್ನು ನೋಡಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಅಲ್ತಾಫ್... ಟೆಂಟ್... ಹೌಸ್." ಸ್ವಲ್ಪ ತಡೆದು, "ಹೈದರಾಬಾದ್ ಎಲ್ಲಿ ಬರದಾರ?"

ಅಶೋಕಕುಮಾರ ಕಣ್ಣು ಮುಚ್ಚಿಕೊಂಡರು. ಗಯಾಬಾಯಿ ಹಳದಿ ಅಕ್ಷರಗಳ ಕಡೆ ನೋಡಿದರು. "ಏನ್ ಬರದಾರ ಅಲ್ಲಿ?"

ದೇವಿಂದ್ರಪ್ಪನವರು ಮೈಕಿನಿಂದ ಈಚೆ ಬಂದರು. "ಲಗ್ನದ ಸೋಫಾ ಅದ ಆಯಿ. ಅಲ್ತಾಫಂದು, ಹಳೀದು. ನಾ ಹೈದರಾಬಾದ್ ಅಂತ ಸುಳ್ಳ ಹೇಳೀನಿ. ನಿಮ್ಮ ಶಾಲು ನನ್ನದಂತ ತಿಳದು ಹೊಲದೀನಿ."

ಗಯಾಬಾಯಿ ಸೋಫಾವನ್ನು ನೋಡಿದರು, ಸಿಂಹದ ಕಾಲನ್ನು ನೋಡಿದರು, ಕಾಣೆಯಾದ ಬೆರಳನ್ನೂ ನೋಡಿದರು.

"ಅಂದ್ರ ಮುಂಜಾನಿಂದ ನಾ ಲಗ್ನದ ಖುರ್ಚಿ ಮ್ಯಾಲೇ ಕುಂತೀನಿ."

"ಹೌದ್ರಿ."

"ಮತ್ತ ಮದಿಮಗ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲಲ" ಎಂದರು ಗಯಾಬಾಯಿ. ಶಾಲನ್ನು ಅವರ ಕೈಗೆ ಕೊಟ್ಟರು. "ಹೊದಸ್ರಿ. ನೀವೇ ಹೊಲದೀರಿ, ನೀವೇ ಹೊದಸ್ರಿ."

ಅವರು ಹೊದಿಸಿದರು. ಒಂದು ತುದಿ ಜಾರಿತು, ಗಯಾಬಾಯಿ ತಾವೇ ಎಳೆದುಕೊಂಡರು. ಜಮಖಾನೆಯ ಮೇಲಿನ ಚಪ್ಪಾಳೆ ಹಿಂದಿನ ಕುರ್ಚಿಗಳ ತನಕ ಹೋಯಿತು.

"ಕಾಂತಾ, ಬಾ ಇಲ್ಲಿ" ಎಂದರು ಗಯಾಬಾಯಿ. "ಇಲ್ಲಿ ಕೂಡು. ಅಳ್ಯಾರ, ನೀವು ಆಕಿ ಬಾಜೂಕ ಕೂಡ್ರಿ. ಇದು ಒಬ್ಬರು ಕೂಡೋ ಖುರ್ಚಿ ಅಲ್ಲ."

ಅವರ ಮಾತು ಮೀರುವ ಧೈರ್ಯ ಇಬ್ಬರಲ್ಲಿ ಯಾರಿಗೂ ಇರಲಿಲ್ಲ. ಕಾಂತಾಬಾಯಿ 'ಅಲ್ತಾಫ್' ಮೇಲೆ ಕುಳಿತರು, ದೇವಿಂದ್ರಪ್ಪನವರು 'ಹುಮನಾಬಾದ್' ಮೇಲೆ. ಗಯಾಬಾಯಿ ಶಾಲು ಸರಿಪಡಿಸಿಕೊಳ್ಳುತ್ತ ಮೆಟ್ಟಿಲಿಳಿದು, ಜಮಖಾನೆಯ ಮೇಲೆ ಸರುಬಾಯಿಯ ಪಕ್ಕ ಜಾಗ ಮಾಡಿಕೊಂಡು ಕುಳಿತು, ಆ ವಾರೆ ಟಾಕಿಯನ್ನು ಆಕೆಗೆ ತೋರಿಸತೊಡಗಿದರು.

ಅಶೋಕಕುಮಾರ ಕಾರ್ಯಕ್ರಮ ಪಟ್ಟಿಯನ್ನು ನೋಡಿದರು. ಅವರ ಕೈಯಲ್ಲಿ ಎರಡು ಹಾರಗಳು ಉಳಿದಿದ್ದವು. ಉಳಿದದ್ದನ್ನು ಏನು ಮಾಡಬೇಕೆಂಬ ಬಗ್ಗೆ ನಮ್ಮ ಕಡೆ ಒಂದೇ ಪದ್ಧತಿ ಇದೆ. ಅವರು ಅದನ್ನು ಪಾಲಿಸಿ, ಸೋಫಾದ ಮೇಲಿದ್ದ ಇಬ್ಬರ ಕೊರಳಿಗೂ ಒಂದೊಂದು ಹಾಕಿದರು. ಫೋಟೋದವರು ಮುಂದೆ ಬಂದರು.

"ನಾನೂರಾ ಒಂದು" ಎಂದ ಅಲ್ತಾಫ ಹಿಂದಿನ ಬಾಗಿಲಿನಿಂದ, ತನ್ನ ಉಧಾರಿ ನಗುವನ್ನೆಲ್ಲ ಒಮ್ಮೆಲೇ ವಸೂಲು ಮಾಡಿಕೊಳ್ಳುತ್ತ.

"ನಗ್ರಿ, ಫೋಟೋ ತಗ್ಯಾಕತ್ತಾರ" ಎಂದರು ಕಾಂತಾಬಾಯಿ ತುಟಿ ಅಲುಗಿಸದೆ. "ಮನಿಗೆ ಹೋದ ಮ್ಯಾಲ ಹೇಳ್ತೀನಿ."